ಭಂಡಾರ ಮೆತ್ತಿದ ಬ್ರೇಕು

ಸಾವಕಾರರು ನನ್ನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಮೊಬೈಲನ್ನು ಮುಂದೆ ಚಾಚಿಕೊಂಡು ಬಂದರು. ನಮಸ್ಕಾರ ಇಲ್ಲ, ಹೇಗಿದ್ದೀ ಎಂಬ ಮಾತೂ ಇಲ್ಲ.

"ಬಾಯಿ, ಇದ ನೋಡು. ಕಾರ್ಬನ್ ಫ್ರೇಮ್. ಗೇರ್ ಬ್ಯಾಟರಿ ಮ್ಯಾಲ ಚಾಲೂ ಆಗ್ತಾವ. ಟೈರ್ ಐವತ್ತು ಮಿಲಿಮೀಟರ್. ಇದನ್ನೇ ತರಸು."

ಸೊಲ್ಲಾಪುರದಲ್ಲಿ ಸೈಕಲ್ ಮಾರಿ, ರಿಪೇರಿ ಮಾಡಿ ಬದುಕುವ ಹೆಂಗಸು ನಾನು. ಈ ಮನುಷ್ಯ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟವೆಲ್ ಕಾರ್ಖಾನೆ ಅವರದು, ಸೈಕಲ್ ಕ್ಲಬ್ಬೂ ಅವರದೇ. ಕ್ಲಬ್ಬಿನ ಅಧ್ಯಕ್ಷ ಎಂದು ಎದೆಯ ಮೇಲೆ ಬರೆಸಿಕೊಂಡ ಜರ್ಸಿ ಹಾಕಿಕೊಂಡೇ ಅಂಗಡಿಗೆ ಬರುತ್ತಾರೆ. ಆದರೂ ಬಾಯಿ ಮುಚ್ಚಿಕೊಂಡು ನೋಡಿದೆ, ಯಾಕೆಂದರೆ ಈ ಸಲದ ಸೈಕಲ್ ಅವರಿಗಲ್ಲ, ಆ ಹುಡುಗಿಗೆ.

ಹುಡುಗಿ ಅಕ್ಕಲಕೋಟದಿಂದ ದುಧನಿಗೆ ಹೋಗುವ ದಾರಿಯ ಒಂದು ಹಳ್ಳಿಯವಳು. ಕುರಿ ಸಾಕುವ ಮನೆ. ಅಕ್ಕಲಕೋಟದ ಕಾಲೇಜಿಗೆ ಅಣ್ಣನ ಹಳೆಯ ಸೈಕಲ್ ತುಳಿದುಕೊಂಡು ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಕ್ಲಬ್ಬಿನ ಹುಡುಗರ ಗುಂಪು ಸಿಕ್ಕಾಗ, ಕ್ಯಾರಿಯರ್ ಮೇಲೆ ಪುಸ್ತಕದ ಚೀಲ ಇಟ್ಟುಕೊಂಡೇ ಅವರನ್ನೆಲ್ಲ ಹಿಂದೆ ಹಾಕಿದ್ದಳಂತೆ. ಸಾವಕಾರರು ಅಲ್ಲೇ ಅವಳನ್ನು ಕ್ಲಬ್ಬಿಗೆ ಸೇರಿಸಿಕೊಂಡರು. ಮಳೆಗಾಲದ ಕೊನೆಗೆ ಅಕ್ಕಲಕೋಟದ ಸುತ್ತಲಿನ ಕಚ್ಚಾ ದಾರಿಗಳಲ್ಲಿ ರೇಸ್ ಇತ್ತು. ಅದಕ್ಕೆ ಗ್ರಾವೆಲ್ ಬೈಕ್ ಬೇಕು. ರೇಸ್ ಸೈಕಲ್ಲಿನಂಥದೇ ಬಾಗಿದ ಹ್ಯಾಂಡಲ್, ಆದರೆ ಕಲ್ಲು ಮಣ್ಣಿನ ದಾರಿಗಾಗುವ ದಪ್ಪ ಟೈರು, ಗಟ್ಟಿ ಮೈ. ಸಾವಕಾರರ ಕರಾರು ಸರಳ: ಹುಡುಗಿ ಮೊದಲ ಮೂವರಲ್ಲಿ ಬಂದರೆ ಸೈಕಲ್ ಅವಳದೇ. ಬರದಿದ್ದರೆ ರೇಸ್ ಮುಗಿದ ಕೂಡಲೇ ವಾಪಸ್, ಅವರ ತಮ್ಮನ ಮಗನಿಗೆ. ಅಣ್ಣನ ಹಳೆಯ ಸೈಕಲ್ಲಿನ ಫ್ರೇಮ್ ಆಗಲೇ ಬಿರಿದಿತ್ತು. ಅಂದರೆ ಸೋತರೆ ಅವಳ ರೇಸೂ ಮುಗಿಯಿತು, ತರಬೇತಿಯೂ ಮುಗಿಯಿತು.

"ಕಾರ್ಬನ್ ಬ್ಯಾಡ," ಎಂದೆ. "ಕಲ್ಲಿಗಿ ಬಡದು ಸೀಳಿದ್ರ ಇಲ್ಲಿ ಯಾರು ಜೋಡಸ್ತಾರ? ಅಲ್ಯುಮಿನಿಯಂ ಸಾಕು. ಬ್ಯಾಟರಿ ಗೇರೂ ಬ್ಯಾಡ, ಆಕಿ ಊರಾಗ ಕರೆಂಟ್ ಯಾವಾಗ ಹೋಗ್ತದೋ ಯಾರಿಗಿ ಗೊತ್ತು. ವಾಯರಿನ ಗೇರ್ ತರಸೋಣು."

"ಬಾಯಿ, ನೀ ಹಳೇ ಕಾಲದಾಕಿ."

"ಹೌದ್ರಿ. ನೀವು ಹಳೇ ಕಾಲದಾಕಿ ಅಂಗಡಿಗೇ ಯಾಕ ಬರ್ತೀರಿ?"

ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಡಿಸ್ಕ್ ಬ್ರೇಕ್ ಬೇಕೇ ಬೇಕು. ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ತಟ್ಟೆ ಇರುತ್ತದೆ, ಅದನ್ನು ಎರಡು ಚಿಕ್ಕ ಪ್ಯಾಡುಗಳು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಕೆಸರಲ್ಲೂ ಹಿಡಿಯುತ್ತದೆ, ನೀರಲ್ಲೂ ಹಿಡಿಯುತ್ತದೆ. ಸಾವಕಾರರ ಸೈಕಲ್ಲಿಗೆ ಯಾವ ಕಂಪನಿಯ ಬ್ರೇಕ್ ಇತ್ತೋ ಅದೇ ಇದಕ್ಕೂ ಬಂತು. ಆ ಮಾತು ಆಮೇಲೆ ಬರುತ್ತದೆ. ಫ್ರೇಮಿನ ವಿಷಯದಲ್ಲಿ ನಾನು ಗೆದ್ದೆ, ಟೈರಿನ ವಿಷಯದಲ್ಲಿ ಅವರು ಗೆದ್ದರು. ಪೆಡಲ್ ಹತ್ತಿರದ ದೊಡ್ಡ ಹಲ್ಲುಚಕ್ರಕ್ಕೆ ನಲವತ್ತಾರು ಹಲ್ಲು ಇರಲಿ ಎಂದರು ಅವರು. ಕೆಸರಿನಲ್ಲಿ ಅಷ್ಟು ಭಾರದ ಗೇರ್ ತುಳಿಯುವುದು ಅವಳ ಮೊಳಕಾಲೋ ನಿಮ್ಮದೋ ಎಂದು ಕೇಳಿ, ನಲವತ್ತು ಹಲ್ಲಿನದನ್ನು ಹಾಕಿದೆ.

ಇನ್ನು ಹುಡುಗಿ. ಅವಳ ಮುಖದಲ್ಲಿ ನಗೆ ಎಂಬುದನ್ನು ನಾನು ಕಂಡಿರಲಿಲ್ಲ. ಹೊಸ ಸೈಕಲ್ ನೋಡಿ ಕಣ್ಣರಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಅದರ ಸುತ್ತ ಒಂದು ಸುತ್ತು ಬಂದು, ಕುರಿಯ ಬೆನ್ನು ಒತ್ತಿ ನೋಡುವ ಹಾಗೆ ಸೀಟನ್ನು ಒತ್ತಿ, "ಎತ್ತರ ಅದ. ಇಳಸ್ರಿ," ಎಂದಳು.

"ಇದು ಬರೋಬ್ಬರಿ ಎತ್ತರ. ಅಳತಿ ತಗೊಂಡೇ ಇಟ್ಟೀನಿ."

"ನೆಲಕ್ಕ ಕಾಲು ಹತ್ಲಿಲ್ಲ ಅಂದ್ರ ನಾ ಹತ್ತಂಗಿಲ್ಲ."

ಮೊಳಕಾಲು ಪೂರ್ತಿ ಚಾಚದಿದ್ದರೆ ಅರ್ಧ ಶಕ್ತಿ ವ್ಯರ್ಥ ಎಂದು ಹೇಳಿದೆ. ಗೋಡೆಗೆ ನಿಲ್ಲಿಸಿ ಕಾಲಿನ ಉದ್ದ ಅಳೆದು ತೋರಿಸಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಸಿಟ್ಟಿನಲ್ಲಿ ಸೀಟು ಇಳಿಸಿಕೊಟ್ಟೆ. ಮುಂದೆ ಅವಳು ಸರ್ವಿಸಿಗೆ ಬಂದಾಗಲೆಲ್ಲ ಅವಳಿಗೆ ಹೇಳದೆ ಒಂದು ಕೂದಲೆಳೆಯಷ್ಟು ಏರಿಸುತ್ತ ಹೋದೆ. ನಡುವೆ ಒಮ್ಮೆ ಹ್ಯಾಂಡಲ್ಲನ್ನು ಫ್ರೇಮಿಗೆ ಜೋಡಿಸುವ ಸ್ಟೆಮ್ ಬದಲಿಸಿ ಗಿಡ್ಡದು ಹಾಕಿದೆ. ಅವಳ ಕೈ ಚಿಕ್ಕದು, ಬ್ರೇಕ್ ಲಿವರನ್ನೂ ಒಳಗೆ ತಂದೆ. ಒಂದು ದಿನ ಸೀಟಿನ ಕೆಳಗೆ ನಾನು ಗುರುತಿಗೆಂದು ಸುತ್ತಿದ್ದ ಟೇಪು ಅವಳ ಕಣ್ಣಿಗೆ ಬಿತ್ತು.

"ಇದೇನ್ ಕಳ್ಳತನ್ರೀ!"

"ಕಳ್ಳತನ ಅಂದ್ರ ತಗೊಂಡ್ ಹೋಗೂದು. ನಾ ಕೊಟ್ಟೀನಿ. ಹೋದ ವಾರಕ್ಕಿಂತ ಜೋರ್ ಹೋಗಾಕತ್ತೀ ಇಲ್ಲೋ?"

ಸೀಟನ್ನು ಅವಳು ಮತ್ತೆ ಇಳಿಸಲಿಲ್ಲ. ಆದರೆ ಅಂದಿನಿಂದ ನನ್ನ ಎದುರಿಗೇ ನಿಂತು ಪ್ರತಿಯೊಂದು ನಟ್ಟಿಗೂ ಕಾವಲು ಕಾಯತೊಡಗಿದಳು. ಇದನ್ನು ಯಾಕೆ ಬಿಚ್ಚಿದಿರಿ, ಅದನ್ನು ಯಾಕೆ ಬಿಗಿದಿರಿ ಎಂದು ಪೊಲೀಸರ ಹಾಗೆ ಕೇಳುತ್ತಿದ್ದಳು. ಹೇಳಿ ಹೇಳಿ ನನ್ನ ಗಂಟಲು ಒಣಗುತ್ತಿತ್ತು.

ತರಬೇತಿ ಶುರುವಾದ ಮೊದಲ ವಾರ ಬರೀ ಪಂಕ್ಚರ್. ಆ ಕಡೆ ಹೊಲದ ದಾರಿಯಲ್ಲಿ ಜಾಲಿಮುಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಮಾಡಿದೆ. ರಿಮ್ಮಿಗೆ ಟೇಪು ಸುತ್ತಿ, ಟೈರ್ ಕೂರಿಸಿ, ಒಳಗೆ ಹಾಲಿನಂಥ ಸೀಲಂಟ್ ಸುರಿದೆ. ಮುಳ್ಳು ಚುಚ್ಚಿದರೆ ಆ ದ್ರವ ತೂತಿಗೆ ಬಂದು ತಾನೇ ಗಟ್ಟಿಯಾಗುತ್ತದೆ. ಮುಳ್ಳಿನ ಕಾಟ ಅಲ್ಲಿಗೆ ನಿಂತಿತು. ಇನ್ನು ಪರವಾಗಿಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮಳೆ ಹಿಡಿಯಿತು.

ಎರೆಮಣ್ಣು ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಒಣಗಿದಾಗ ಕಲ್ಲು, ನೆನೆದಾಗ ಅಂಟು. ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಕಾಲಿಗೆ ಇಟ್ಟಂಗಿ ಕಟ್ಟಿದಂತೆ ಆಗುತ್ತದೆ. ಅದೇ ಮಣ್ಣಲ್ಲಿ ನಮ್ಮ ಹುಡುಗಿ ಐವತ್ತರ ಟೈರಿನ ಸೈಕಲ್ ಓಡಿಸಿದಳು. ಮಧ್ಯಾಹ್ನ ಒಂದು ಟೆಂಪೋ ನನ್ನ ಅಂಗಡಿಯ ಮುಂದೆ ನಿಂತಿತು. ಅದರಿಂದ ಅವಳು ಇಳಿದಳು, ಸೈಕಲ್ಲನ್ನೂ ಇಳಿಸಿದಳು. ಇಳಿಸಿದಳು ಅನ್ನಲೇ, ಎಸೆದಳು ಅನ್ನಲೇ. ಚಕ್ರವೆಲ್ಲಿ ಫ್ರೇಮ್ ಎಲ್ಲಿ ತಿಳಿಯದಷ್ಟು ಮಣ್ಣು. ಗೇರನ್ನು ಹಿಡಿದಿರುವ ಹಿಂದಿನ ಹ್ಯಾಂಗರ್ ಮುರಿದು, ಗೇರು ಚೈನಿಗೆ ಜೋತಾಡುತ್ತಿತ್ತು.

"ಹೆಗಲ ಮ್ಯಾಲ ಹೊತ್ತೀನಿ ಇದನ್ನ! ಕುರಿಮರಿ ಹೊತ್ರೂ ಇಷ್ಟು ಭಾರ ಆಗಂಗಿಲ್ಲ. ನಮ್ಮಣ್ಣನ ಸೈಕಲ್ಲೇ ಛಲೋ ಇತ್ತು. ನೀವು ನಿಮ್ಮ ಸಾವಕಾರ್ರು ಕೂಡಿ ನನ್ನ ಹಾಳ ಮಾಡಾಕತ್ತೀರಿ!"

"ಆ ಟೈರ್ ನಾ ಹೇಳಿದ್ದಲ್ಲ!"

"ಹಾಕಿದವ್ರು ಯಾರು?"

ಹಾಕಿದವಳು ನಾನೇ. ಅದಕ್ಕೇ ಇನ್ನೂ ಜೋರಾಗಿ ಕೂಗಾಡಿದೆ. ಅವಳೂ ಕೂಗಾಡಿದಳು. ಪಕ್ಕದ ಚಹಾದವನು ಎರಡು ಕಪ್ ಚಹಾ ತಂದು ನಡುವೆ ಇಟ್ಟು ಹೋದ. ಇಬ್ಬರೂ ಮುಟ್ಟಲಿಲ್ಲ.

ಅವಳು ಹೋದ ಮೇಲೆ ಮಣ್ಣನ್ನು ನೀರು ಹೊಡೆದು ತೊಳೆಯದೆ, ಕಟ್ಟಿಗೆಯ ಚೂರಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ನೋಡಿದೆ. ಎಲ್ಲಿ ಮೊದಲು ಸಿಕ್ಕಿತು ಎಂದು ತಿಳಿಯಬೇಕಿತ್ತು. ಪೆಡಲ್‌ನ ಹಿಂದೆ, ಫ್ರೇಮಿನ ಎರಡು ಕೊಳವೆಗಳ ನಡುವೆ ಟೈರು ಹಾಯುವ ಜಾಗದಲ್ಲಿ ಮಣ್ಣು ಸಿಮೆಂಟಿನ ಹಾಗೆ ಕೂತಿತ್ತು. ಐವತ್ತರ ಟೈರು ಹಾಕಿದರೆ ಆ ಜಾಗದಲ್ಲಿ ಪೆನ್ಸಿಲ್ ಕೂಡ ಹೋಗುವುದಿಲ್ಲ. ಮೊದಲ ಮುದ್ದೆ ಅಲ್ಲಿ ಸಿಕ್ಕಿದೆ, ಚಕ್ರ ನಿಂತಿದೆ, ಹುಡುಗಿ ಬಿಡದೆ ತುಳಿದಿದ್ದಾಳೆ, ಹ್ಯಾಂಗರ್ ಮುರಿದಿದೆ.

ಜಗತ್ತೆಲ್ಲ ಕೆಸರಿಗೆ ದಪ್ಪ ಟೈರು ಅನ್ನುತ್ತದೆ. ನಾನು ಸಪೂರ ಟೈರು ಹಾಕಲು ನಿರ್ಧರಿಸಿದೆ. ಮೂವತ್ತೆಂಟರದು, ಅಂಚಿನಲ್ಲಿ ಮಾತ್ರ ರಬ್ಬರಿನ ಉಬ್ಬು ಇರುವುದು, ನಡುವೆ ನುಣುಪು. ಟೈರಿಗೂ ಫ್ರೇಮಿಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಆಡಬೇಕು. ಮಣ್ಣು ಹತ್ತಲಿ, ಆದರೆ ತಿರುಗುವ ಟೈರೇ ಅದನ್ನು ಹೊರಗೆ ಎಸೆಯಲಿ. ಹೊಸ ಹ್ಯಾಂಗರ್ ಹಾಕಿ ಗೇರು ಸಾಲಿಗೆ ತಂದೆ. ಸಾವಕಾರರು ಬಂದು ನೋಡಿ, "ಇದೇನ್ ಬಾಯಿ, ಪೇಪರ್ ಹಾಕೂ ಸೈಕಲ್ ಮಾಡೀದಿ," ಎಂದರು. ಕ್ಲಬ್ಬಿನ ಹುಡುಗರು ಹಲ್ಲು ಕಿಸಿದರು. ಹುಡುಗಿ ತನ್ನ ಕಿರುಬೆರಳನ್ನು ಆ ಸಂದಿನಲ್ಲಿ ಹಾಕಿ ನೋಡಿ, ಸೈಕಲ್ ಹತ್ತಿ ಹೋದಳು.

ರೇಸಿನ ಹಿಂದಿನ ದಿನ ಸೈಕಲ್ ಅವಳ ಊರಿಗೆ ಹೋಯಿತು. ಅಲ್ಲಿಂದ ಅಕ್ಕಲಕೋಟ ಹತ್ತಿರ. ಕೊಡುವಾಗ ನೂರು ಸಲ ಹೇಳಿದೆ: ತೊಳೆಯಬೇಡ, ಬಿಚ್ಚಬೇಡ, ಚೈನಿಗೆ ಎಣ್ಣೆ ನಾನೇ ಹಾಕಿದ್ದೇನೆ, ಇನ್ನೊಂದು ತೊಟ್ಟೂ ಹಾಕಬೇಡ. "ಹೂಂ," ಎಂದಳು.

ಬೆಳಿಗ್ಗೆ ಅಕ್ಕಲಕೋಟದ ಮಾರುಕಟ್ಟೆಯ ಅಂಗಳದಲ್ಲಿ ಹೆಸರು ಕೂಗುತ್ತಿದ್ದರು. ಹುಡುಗಿ ದೂರದಿಂದ ಬರುವುದು ಕಾಣಿಸುವ ಮೊದಲೇ ಕೇಳಿಸಿತು. ಬ್ರೇಕ್ ಹಿಡಿದಾಗಲೆಲ್ಲ ಹಂದಿ ಕೊಯ್ದಂಥ ಸದ್ದು. ಹತ್ತಿರ ಬಂದಳು, ಬ್ರೇಕ್ ಒತ್ತಿದಳು, ಸೈಕಲ್ ನಿಲ್ಲಲಿಲ್ಲ. ಕಾಲು ನೆಲಕ್ಕೆ ಉಜ್ಜಿ ನಿಲ್ಲಿಸಬೇಕಾಯಿತು. ಓಡಿ ಹೋಗಿ ಸೈಕಲ್ ನೋಡಿದೆ. ಹ್ಯಾಂಡಲ್ಲಿಗೆ ಲಿಂಬೆಹಣ್ಣು, ಮೈತುಂಬ ಅರಿಸಿನ. ಎರಡೂ ಡಿಸ್ಕು ಹಳದಿಯಾಗಿ ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದವು.

ಹಿಂದೆಯೇ ಅವಳ ಅಪ್ಪ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ, ಅಂದರೆ ದೇವರ ಅರಿಸಿನ ಪುಡಿಯ ಚೀಲ. ಹಳದಿ ಹಲ್ಲು ತೋರಿಸಿ ನಗುತ್ತ, "ಹೊಸಾ ಗಾಡಿ ಅಲ್ರೀ ಅಕ್ಕಾರ, ಬೀರಪ್ಪನ ಮುಂದ ನಿಂದ್ರಿಸಿ ಪೂಜಾ ಮಾಡಸೀನಿ. ಕೊಬ್ಬರಿ ಎಣ್ಣಿಯೊಳಗ ಭಂಡಾರ ಕಲಸಿ ನಾನೇ ಹಚ್ಚೀನಿ," ಎಂದ. "ನಡುವಿನ ಆ ಚಕ್ರ ಭಾಳ ಹೊಳೀತಿತ್ರಿ. ದೇವ್ರು ಅಲ್ಲೇ ಕುಂತಾನಂತ ಅಲ್ಲೇ ಜಾಸ್ತಿ ಹಚ್ಚೀನಿ."

ನನಗೆ ತಲೆ ಕೆಟ್ಟು ಹೋಯಿತು. ಡಿಸ್ಕ್ ಬ್ರೇಕಿನ ಪ್ಯಾಡಿಗೆ ಎಣ್ಣೆ ಸೋಕಿದರೆ ಅದರ ಕಥೆ ಮುಗಿಯಿತು. ಪ್ಯಾಡು ಎಣ್ಣೆಯನ್ನು ಕುಡಿದುಬಿಡುತ್ತದೆ. ಒರೆಸಿದರೂ ಹೋಗುವುದಿಲ್ಲ, ಉಜ್ಜಿದರೂ ಹೋಗುವುದಿಲ್ಲ. "ಏನ್ ಮಾಡೀರಿ ಇದು! ಸ್ವಂತ ಮಗಳ ಕುತ್ತಿಗಿ ಕೊಯ್ದೀರಿ!" ಎಂದು ಅಷ್ಟು ಜನರ ಮುಂದೆ ಕಿರುಚಿದೆ. ಅಪ್ಪನ ನಗೆ ಅಲ್ಲೇ ನಿಂತಿತು. ಭಂಡಾರದ ಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡ.

ಹುಡುಗಿ ಸೈಕಲ್ ಬಿಟ್ಟು ನನ್ನೆದುರು ಬಂದು ನಿಂತಳು. "ನನಗ ಬೈರಿ. ನಮ್ಮಪ್ಪಗ ಏನರೆ ಅಂದ್ರ ನೋಡ್ರಿ ಮತ್ತ."

"ನೀ ಏನ್ ಕಣ್ಣು ಮುಚ್ಚಿದ್ದಿ?"

"ನಾ ಮಲಗಿದ್ದೆ. ಎದ್ದು ನೋಡಿದ್ರ ಹಿಂಗಿತ್ತು." ಹಳದಿ ಡಿಸ್ಕಿನ ಮುಂದೆ ಕುಕ್ಕರಿಸಿದಳು. "ಈಗೇನ್ ಮಾಡೂದು?"

ಅಷ್ಟರಲ್ಲಿ ರೆಫ್ರಿ ತಪಾಸಣೆಗೆ ಬಂದ. ಮುಂದಿನ ಬ್ರೇಕ್ ಒತ್ತಿ ಸೈಕಲ್ ನೂಕಿ ನೋಡಿದ, ಹಿಂದಿನದೂ ನೋಡಿದ. ಎರಡೂ ಹಿಡಿಯಲಿಲ್ಲ. ಎರಡೂ ಸರಿಯಾದರೆ ಮಾತ್ರ ಸಾಲಿಗೆ ಬಿಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋದ. ಉದ್ಘಾಟನೆಯ ಭಾಷಣ ಮುಗಿದ ಕೂಡಲೇ ಹೆಂಗಸರ ರೇಸು.

ನನ್ನ ಡಬ್ಬಿಯಲ್ಲಿ ಒಂದು ಚಕ್ರಕ್ಕಾಗುವ ಒಂದೇ ಜೋಡಿ ಹೊಸ ಪ್ಯಾಡು ಇತ್ತು. ಎರಡೂ ಚಕ್ರ ಬಿಚ್ಚಿ, ಸ್ಪಿರಿಟ್ ಹಾಕಿ ಡಿಸ್ಕುಗಳನ್ನು ಉಜ್ಜಿದೆ. ಬಟ್ಟೆ ಹಳದಿ ಬಿಡುವುದು ನಿಲ್ಲುವವರೆಗೆ ಬಟ್ಟೆ ಬದಲಿಸಿ ಬದಲಿಸಿ ಉಜ್ಜಿದೆ. ಹುಡುಗಿ ಕೇಳದೆಯೇ ಬಟ್ಟೆ ಹರಿದು ಹರಿದು ಕೊಡುತ್ತಿದ್ದಳು. ಹೊಸ ಜೋಡಿ ಮುಂದಿನ ಬ್ರೇಕಿಗೆ ಹೋಯಿತು. ಹಿಂದಿನದಕ್ಕೆ?

ವೇದಿಕೆಯ ಪಕ್ಕದಲ್ಲಿ ಸಾವಕಾರರ ಸೈಕಲ್ ನಿಂತಿತ್ತು. ಹೂವಿನ ಹಾರ ಹಾಕಿಸಿಕೊಂಡು, ಉದ್ಘಾಟನೆಯ ಸವಾರಿಗೆ ತಯಾರಾಗಿ. ಅದೇ ಕಂಪನಿಯ ಬ್ರೇಕ್. ಓಡಿ ಹೋಗಿ, ಅದರ ಹಿಂದಿನ ಪ್ಯಾಡು ಕೊಡಿ ಎಂದು ಅವರನ್ನು ಕೇಳಿದೆ.

"ಹುಚ್ಚಿ ಏನ್ ನೀ? ನಾ ಎಲ್ಲಾರ ಮುಂದ ಹತ್ತಿ ಹೋಗೂದದ. ಸವಾರಿ ಆದಮ್ಯಾಲ ತಗೋ."

"ಆಮ್ಯಾಲ ತಗೊಂಡು ನೆಕ್ಕಲ್ಯಾ? ಆಕಿ ರೇಸೂ ಅದರ ಕೂಡೇ ಬಿಡ್ತದ್ರಿ."

"ಅದು ನಿಂದು ಆಕಿದು. ಕರಾರಂದ್ರ ಕರಾರು." ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು. ಜರ್ಸಿ ಜಗ್ಗಿಕೊಂಡು ವೇದಿಕೆ ಹತ್ತಿದರು.

ಸಾವಕಾರರ ಭಾಷಣ ಎಷ್ಟು ಉದ್ದ ಇರುತ್ತದೆ ಎಂಬುದು ಸೊಲ್ಲಾಪುರಕ್ಕೆಲ್ಲ ಗೊತ್ತು. ಜೀವನದಲ್ಲಿ ಮೊದಲ ಸಲ ಅದಕ್ಕೆ ಕೈ ಮುಗಿದೆ. ವೇದಿಕೆಯ ಕೆಳಗೆ ಕೂತು ಅವರ ಸೈಕಲ್ಲಿನ ಹಿಂದಿನ ಪ್ಯಾಡು ಎಳೆದು ತೆಗೆದೆ. ತಿಳಿಯದೆ ಹತ್ತಿ ಬಿದ್ದಾರು ಎಂದು ಚಕ್ರವನ್ನು ಫ್ರೇಮಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದೆ. ವೇದಿಕೆಯ ಮೇಲಿದ್ದ ಸಾವಕಾರರಿಗೆ ಕೆಳಗಿನಿಂದಲೇ ಕೂಗಿ ಹೇಳಿದೆ: "ಹತ್ತಬ್ಯಾಡ್ರಿ! ಬ್ರೇಕ್ ಲಿವರ್ ಒತ್ತಬ್ಯಾಡ್ರಿ!" ಅವರು ಮೈಕು ಹಿಡಿದುಕೊಂಡೇ ನನ್ನನ್ನು ನುಂಗುವ ಹಾಗೆ ನೋಡಿದರು. ಕ್ರೀಡೆ ಯುವಕರಿಗೆ ಎಷ್ಟು ಮುಖ್ಯ ಎಂದು ಹೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಪ್ಯಾಡು ಕೂರಿಸಿದರೆ ಸಾಲದು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಸರಿಯಾಗಿ ಹಿಡಿಯುವುದಿಲ್ಲ. ಅಡತಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಹುಡುಗಿಯನ್ನು ಓಡಿಸಿದೆ. ಜೋರಾಗಿ ಹೋಗು, ಬ್ರೇಕ್ ಹಿಡಿ, ಪೂರ್ತಿ ನಿಲ್ಲಬೇಡ, ಮತ್ತೆ ಹೋಗು. "ಮತ್ತ! ಮತ್ತ ಹಿಡಿ! ಯಾಕ ಅಂಜತೀ!" "ಹಿಡೀಯಾಕತ್ತೀನಲ್ರೀ!" ಎಂದು ಅವಳೂ ಕಿರುಚಿದಳು. ಸದ್ದು ಮೆಲ್ಲಗೆ ಸಣ್ಣದಾಯಿತು. ಆಮೇಲೆ ಗಟ್ಟಿಯಾಗಿ ಹಿಡಿಯಿತು. ರೆಫ್ರಿ ಮತ್ತೊಮ್ಮೆ ನೂಕಿ ನೋಡಿ ತಲೆ ಆಡಿಸಿದ.

ಸಾವಕಾರರು ಉದ್ಘಾಟನೆಯ ಸವಾರಿಯನ್ನು ಸೈಕಲ್ಲಿನ ಹಿಂದಿನ ಭಾಗ ಎತ್ತಿ ಹಿಡಿದುಕೊಂಡು ನಡೆದೇ ಮಾಡಿದರು. ಜನ ಚಪ್ಪಾಳೆ ತಟ್ಟಿದರು, ಇದೇನೋ ಹೊಸ ಪದ್ಧತಿ ಅಂದುಕೊಂಡಿರಬೇಕು.

ರೇಸು ಬಿಟ್ಟ ಮೇಲೆ ಸ್ಕೂಟರ್ ಹತ್ತಿ ಹಳ್ಳದ ಇಳಿಜಾರಿಗೆ ಹೋಗಿ ನಿಂತೆ. ಕೆಳಗೆ ಚೂಪಾದ ತಿರುವು, ಅದರಾಚೆ ನೆನೆದ ಎರೆಹೊಲದ ದಾರಿ. ಮುಂದಿನ ಗುಂಪಿನ ಐದು ಜನ ಹೋದರು. ನಮ್ಮವಳು ಆರನೆಯವಳು. ಇಳಿಜಾರಿನ ಕೊನೆಯವರೆಗೂ ಬ್ರೇಕ್ ಮುಟ್ಟದೆ ಬಂದು, ತಿರುವಿನಲ್ಲಿ ಒಮ್ಮೆ ಗಟ್ಟಿಯಾಗಿ ಹಿಡಿದು ತಿರುಗಿಸಿದಳು. ಎರಡೂ ಬ್ರೇಕು ಹಿಡಿದವು. ಎರೆಮಣ್ಣಿನಲ್ಲಿ ಮುಂದಿದ್ದವರ ಸೈಕಲ್‌ಗಳು ಒಂದೊಂದಾಗಿ ನಿಂತವು. ದಪ್ಪ ಟೈರಿನ ಒಳ್ಳೊಳ್ಳೆಯ ಸೈಕಲ್‌ಗಳು. ಒಬ್ಬಳು ಕೆಳಗೆ ಕೂತು ಬೆರಳಿನಿಂದ ಮಣ್ಣು ಕೀಳುತ್ತಿದ್ದಳು, ಇನ್ನಿಬ್ಬರು ಹೆಗಲ ಮೇಲೆ ಹೊತ್ತಿದ್ದರು. ನಮ್ಮವಳ ಟೈರು ಮಣ್ಣನ್ನು ಅವಳ ಬೆನ್ನ ಮೇಲೆಲ್ಲ ಎಸೆಯುತ್ತ ತಿರುಗುತ್ತಲೇ ಇತ್ತು. ಆ ಮಣ್ಣಿನಿಂದ ಹೊರಬಿದ್ದಾಗ ಅವಳು ಎರಡನೆಯವಳು. ನಾನು ಒಬ್ಬಳೇ ನಿಂತು ಹುಚ್ಚಿಯ ಹಾಗೆ ಕೂಗಿದೆ.

ಮುಗಿಯುವ ಜಾಗಕ್ಕೆ ಸ್ಕೂಟರ್ ಓಡಿಸಿದೆ. ಕೊನೆಯದು ಡಾಂಬರು ರಸ್ತೆ, ಸ್ವಲ್ಪ ಇಳುಕಲು. ಅಲ್ಲಿ ನಮ್ಮವಳ ಕಾಲು ಹೊಲಿಗೆ ಮಶೀನಿನ ಹಾಗೆ ತಿರುಗುತ್ತಿತ್ತು, ಸೈಕಲ್ ಮಾತ್ರ ಅದಕ್ಕಿಂತ ಜೋರಾಗಿ ಹೋಗುತ್ತಿರಲಿಲ್ಲ. ನಲವತ್ತು ಹಲ್ಲಿನ ಗೇರ್ ಅಷ್ಟಕ್ಕೇ ಮುಗಿದಿತ್ತು. ಹಿಂದಿನಿಂದ ಒಬ್ಬಳು ದೊಡ್ಡ ಗೇರಿನಲ್ಲಿ ಬಂದು ಅವಳನ್ನು ದಾಟಿದಳು. ಅವಳ ಹಿಂದೆ ಇನ್ನೊಬ್ಬಳು ನುಗ್ಗುತ್ತಿದ್ದಳು. ಗೆರೆಯ ಹತ್ತಿರ ಆ ಇನ್ನೊಬ್ಬಳಿಗಿಂತ ನಮ್ಮವಳ ಚಕ್ರ ಮೊಳದಷ್ಟು ಮುಂದಿತ್ತು.

ಮೂರನೆಯವಳು.

ಅವಳು ನಿಂತು, ಮಣ್ಣು ಉಗಿದು, ಮೊದಲ ಮಾತು ಹೇಳಿದ್ದು ನನಗೇ. "ಗೇರ್ ಸಾಲಲಿಲ್ಲ! ಸಾವಕಾರ್ರು ದೊಡ್ಡದು ಹಾಕು ಅಂದಿದ್ರಂತ. ಯಾಕ ಹಾಕ್ಲಿಲ್ಲ?"

ಅದೊಂದು ವಿಷಯದಲ್ಲಿ ಸಾವಕಾರರ ಮಾತು ಸರಿ ಇತ್ತು. ಇವತ್ತಿನವರೆಗೂ ಅವರ ಮುಂದೆ ಒಪ್ಪಿಕೊಂಡಿಲ್ಲ.

ಸಾವಕಾರರು ತಮ್ಮ ಸೈಕಲ್ಲಿನ ಹಿಂಭಾಗ ಎತ್ತಿಕೊಂಡೇ ಬಂದರು. ಬೇಡ ಎಂದರೂ ಲಿವರ್ ಒತ್ತಿದ್ದರು. ಪ್ಯಾಡು ಇಲ್ಲದ್ದರಿಂದ ಅದನ್ನು ಒತ್ತುವ ಪಿಸ್ಟನ್ ಹೊರಬಂದು ಡಿಸ್ಕನ್ನೇ ಕಚ್ಚಿ ಕೂತಿತ್ತು. ಸುತ್ತ ಜನ, ಫೋಟೋದವರು. ಹುಡುಗಿಯ ಕಡೆ ನೋಡಿ, "ಮಾತಂದ್ರ ಮಾತು. ಸೈಕಲ್ ನಿಂದೇ," ಎಂದರು. ನನ್ನ ಕಡೆ ತಿರುಗಿ ದನಿ ತಗ್ಗಿಸಿ, "ನಿನ್ನ ಅಂಗಡಿ ಮೆಟ್ಟಿಲ ಇನ್ನ ಹತ್ತಂಗಿಲ್ಲ," ಎಂದರು. "ಭಾಳ ಛಲೋ ಆತ್ರಿ," ಎಂದೆ. ಮುಂದಿನ ವಾರವೇ ಪಿಸ್ಟನ್ ಸರಿ ಮಾಡಿಸಲು ಬಂದರು, ಆ ಮಾತು ಬೇರೆ.

ಅವಳ ಅಪ್ಪ ಇಷ್ಟು ಹೊತ್ತು ದೂರದಲ್ಲೇ ನಿಂತಿದ್ದ. ಸೈಕಲ್ ಮಗಳದೇ ಎಂದು ಕಿವಿಗೆ ಬಿದ್ದ ಕೂಡಲೇ ಚೀಲಕ್ಕೆ ಕೈ ಹಾಕಿ, ಮುಷ್ಟಿ ತುಂಬ ಭಂಡಾರ ತೆಗೆದು ಸೈಕಲ್ಲಿನತ್ತ ಓಡಿ ಬಂದ. ನನ್ನ ಮುಖ ನೋಡಿದ್ದೇ ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಮುಷ್ಟಿ ಹಾಗೇ ಬಿಗಿದಿತ್ತು.

"ಅಕ್ಕಾರ, ಇದಕ್ಕ ಹಚ್ಚಬಾರದಲ್ರಿ?"

"ಹಚ್ಚಬಾರದು."

"ಮುಷ್ಟಿಯೊಳಗ ತಗದದ್ದು ತಿರುಗಿ ಚೀಲಕ್ಕ ಹಾಕಂಗಿಲ್ರಿ ನಾವು." ಸ್ವಲ್ಪ ಯೋಚಿಸಿದ. ಬೆಳಿಗ್ಗೆ ಅಷ್ಟು ಜನರ ಮುಂದೆ ಬೈಸಿಕೊಂಡ ಮನುಷ್ಯ ನನ್ನ ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದು ಅಂಗೈಗೆ ಅಷ್ಟೂ ಭಂಡಾರ ತಿಕ್ಕಿದ. ಉಳಿದದ್ದನ್ನು ನನ್ನ ತಲೆಯ ಮೇಲೆ ತೂರಿದ. "ಸೈಕಲ್ ಮಾಡಿದ ಕೈಗರೆ ಹಚ್ಚತೀನಿ."

ನನಗೆ ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂತು, ಭಂಡಾರದಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ. ಸೈಕಲ್ಲನ್ನು ನೆರಳಿಗೆ ನಿಲ್ಲಿಸೋಣ ಎಂದು ಚಕ್ರದ ಕಡೆ ಕೈ ಚಾಚಿದೆ.

ಹುಡುಗಿ ಹಾರಿ ಬಂದು ನನ್ನ ಮೊಳಕೈ ಹಿಡಿದು ಹಿಂದಕ್ಕೆ ಎಳೆದಳು.

"ಕೈ ತಗೀರಿ ಅಕ್ಕಾ! ನೂರ್ ಸಲ ಹೇಳ್ಬೇಕೇನ್ರೀ ನಿಮಗ? ಡಿಸ್ಕಿಗಿ ಭಂಡಾರ ಹತ್ತತದ!"